ಸಿಸಿ ಅಕ್ಕನ ಅರ್ಧಕ್ಕೆ ನಿಂತ ಮೇಲ್‌ಗಳು

ಲಿಫ್ಟ್ ಕೂರಿಸಿ, ಕೆಟ್ಟರೆ ರಿಪೇರಿ ಮಾಡಿಕೊಡುವ ಆ ಕಂಪನಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದುದು ಸಂಬಳದ ಚೀಟಿ ಒಂದೇ. ಉಳಿದವರಿಗೆಲ್ಲ ಅವಳು ಸಿಸಿ ಅಕ್ಕ. ಮೇಲ್ ಬರೆಯುವಾಗ ಯಾರಿಗೆ ಬರೆಯುತ್ತೇವೋ ಅವರ ಹೆಸರಿನ ಕೆಳಗೆ, ಇವರಿಗೂ ಒಂದು ಪ್ರತಿ ಇರಲಿ ಎಂದು ಇನ್ನೊಂದಿಷ್ಟು ಹೆಸರು ಸೇರಿಸುವ ಜಾಗ ಇರುತ್ತದಲ್ಲ, ಅದರ ಹೆಸರು ಸಿಸಿ. ಅಕ್ಕನ ಕಾಯಂ ವಿಳಾಸ ಅದು. ಕಂಪನಿಗೆ ಸೇರಿದ ಹೊಸದರಲ್ಲಿ ಯಾರೋ ಪುಣ್ಯಾತ್ಮರು ‘ದೂರು ಏನೇ ಬಂದರೂ ಇವರಿಗೊಂದು ಪ್ರತಿ ಹಾಕಿ’ ಎಂದು ಹೇಳಿದ್ದರು. ಹೇಳಿದವರು ಕೆಲಸ ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು, ಮಾತು ಮಾತ್ರ ಉಳಿದುಕೊಂಡಿತ್ತು. ಇಪ್ಪತ್ತು ವರ್ಷದಿಂದ ಅವಳಿಗೆ ಬರೆದವರು ಯಾರೂ ಇಲ್ಲ, ಅವಳಿಗೆ ತಿಳಿಸದೆ ಬರೆದವರೂ ಇಲ್ಲ.

ಸಿಸಿಯಲ್ಲಿ ಹೆಸರಿದ್ದವರು ಸಾಮಾನ್ಯವಾಗಿ ಮೇಲ್ ತೆರೆಯುವುದಿಲ್ಲ, ತೆರೆದರೂ ಓದುವುದಿಲ್ಲ, ಓದಿದರೂ ತಲೆಗೆ ಹಚ್ಚಿಕೊಳ್ಳುವುದಿಲ್ಲ. ಅಕ್ಕ ಮಾತ್ರ ಎಲ್ಲವನ್ನೂ ಓದುತ್ತಿದ್ದಳು. ಓದಿ ಉತ್ತರ ಬರೆಯುತ್ತಿರಲಿಲ್ಲ. ಎದ್ದು ಹೋಗುತ್ತಿದ್ದಳು. “ಬರೆದ್ರೆ ಜಗಳ ಬೆಳೆಯುತ್ತೆ. ಎದುರಿಗೆ ನಿಂತ್ರೆ ಅರ್ಧ ಅಲ್ಲೇ ಇಳಿಯುತ್ತೆ” ಎನ್ನುವುದು ಅವಳ ಲೆಕ್ಕ. ಒಂದು ವಸತಿ ಕಟ್ಟಡದ ಕಾರ್ಯದರ್ಶಿಗೂ ಲಿಫ್ಟ್ ಕೂರಿಸುವ ವಿಭಾಗಕ್ಕೂ ಕನ್ನಡಿಯ ಸಲುವಾಗಿ ಜಗಳ ಹತ್ತಿತ್ತು. ಲಿಫ್ಟಿನೊಳಗೆ ಕನ್ನಡಿ ಹಾಕುತ್ತೇವೆಂದು ಮಾತು ಕೊಟ್ಟಿದ್ದಿರಿ ಎಂದು ಕಾರ್ಯದರ್ಶಿ, ಕೊಟ್ಟಿರಲಿಲ್ಲ ಎಂದು ವಿಭಾಗದವರು. ಮೇಲ್ ಮೇಲೆ ಮೇಲ್ ಓಡಾಡಿ, ವಕೀಲರ ಹೆಸರು ಬರುವ ಮಟ್ಟಕ್ಕೆ ಹೋಯಿತು. ಅಕ್ಕ ಊಟದ ಬಿಡುವಿನಲ್ಲಿ ಆ ಕಟ್ಟಡಕ್ಕೆ ಹೋಗಿ ಬಂದಳು. ಕಾರ್ಯದರ್ಶಿ ಹೊಸದಾಗಿ ತಲೆಗೂದಲು ನೆಡಿಸಿಕೊಂಡಿದ್ದರು, ಪಾಪ, ದಿನಕ್ಕೆ ಹತ್ತು ಸಲ ನೋಡಿಕೊಳ್ಳಬೇಕು ಅನ್ನಿಸುತ್ತಿತ್ತು. ಕಂಪನಿಯ ಗೋದಾಮಿನಲ್ಲಿ ಮೂಲೆ ಬಿರುಕು ಬಿಟ್ಟ ಕನ್ನಡಿಯೊಂದು ಬಿದ್ದಿತ್ತು. ಆ ಮೂಲೆ ಕತ್ತರಿಸಿ ಚಿಕ್ಕದು ಮಾಡಿ ಹಾಕಿಸಿದ್ದಾಯಿತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ, ಇಬ್ಬರೂ ತಾವೇ ಗೆದ್ದೆವೆಂದು ಇವತ್ತಿಗೂ ತಿಳಿದಿದ್ದಾರೆ.

ಇಷ್ಟೆಲ್ಲ ಮಾಡಿದವಳಿಗೆ ಕಂಪನಿ ಏನು ಕೊಟ್ಟಿತು ಎಂದು ಕೇಳಬೇಡಿ. ಹಿಂದೊಮ್ಮೆ ದೂರು ವಿಭಾಗದ ಮುಖ್ಯಸ್ಥರ ಜಾಗ ಖಾಲಿಯಾದಾಗ ಅಕ್ಕ ಅರ್ಜಿ ಹಾಕಿದ್ದಳು. ಸಂದರ್ಶನದಲ್ಲಿ ಕೂತವರು ಅವಳ ಕಡತ ತಿರುವಿ ಹಾಕಿ, “ನೀವು ಒಳ್ಳೆಯವರು ಅಂತ ಎಲ್ಲರೂ ಹೇಳ್ತಾರೆ, ಆದ್ರೆ ನೀವು ಮಾಡಿದ್ದು ಏನು ಅಂತ ಎಲ್ಲೂ ಕಾಣಲ್ವಲ್ಲ” ಎಂದಿದ್ದರು. ಆ ಜಾಗಕ್ಕೆ ಹೊರಗಿನಿಂದ ಒಬ್ಬರು ಬಂದರು. ಬಂದ ಮೊದಲ ದಿನವೇ ಅಕ್ಕನನ್ನು ಸಿಸಿಗೆ ಹಾಕಿದರು. ಅವತ್ತು ಅಕ್ಕ ನಗುತ್ತಲೇ ಮನೆಗೆ ಬಂದು, ಬಚ್ಚಲಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಿದ್ದಳು. ಈಗ ಅವರೂ ಬೇರೆ ಕಡೆ ಹೋಗಿ ಜಾಗ ಮತ್ತೆ ಖಾಲಿಯಾಗಿತ್ತು. ಈ ಸಲ ಷರತ್ತು ಸ್ಪಷ್ಟವಾಗಿತ್ತು. ನೀವೇ ನಿಂತು ಬಗೆಹರಿಸಿದ ಕೆಲವು ದೂರುಗಳನ್ನು ಮೇಲ್ ಸಮೇತ ತನ್ನಿ ಎಂದಿದ್ದರು. ಅಕ್ಕನಿಗೆ ಆ ಕುರ್ಚಿ ಬೇಕಿತ್ತು. ಕೇಳಿದವರಿಗೆಲ್ಲ ‘ಸಿಕ್ಕಿದ್ರೆ ಸಿಗಲಿ ಬಿಡಿ’ ಎನ್ನುತ್ತಿದ್ದಳು, ಒಳಗೆ ಮಾತ್ರ ಬೇಕೇ ಬೇಕು ಎನ್ನುವಷ್ಟು ಬೇಕಿತ್ತು.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ, ಅದೇ ವಾರ ಒಂದು ಸೂಚನೆ ಬಂತು. ಅದನ್ನು ಕಳಿಸಿದವನು ಕಂಪನಿಯ ಕಂಪ್ಯೂಟರ್ ನೋಡಿಕೊಳ್ಳುವ ಸರ್ವರ್ ಸಾಹೇಬ. ಐವತ್ತು ದಾಟಿದ ಮನುಷ್ಯ, ಮುಖದಲ್ಲಿ ಯಾವಾಗಲೂ ಹಲ್ಲುನೋವಿನ ಕಳೆ. ತನ್ನನ್ನು ಯಾರೋ ಅತಿಥಿ ಹೋಟೆಲ್ ಸರ್ವರ್ ಎಂದುಕೊಂಡು ಎರಡು ಕಾಫಿ ತರಲು ಹೇಳಿದ್ದರೆಂಬ ಕೊರಗು ಅವನಿಗೆ ಇನ್ನೂ ಇತ್ತು. ರಾತ್ರಿ ಊಟಕ್ಕೆ ಕೂತಾಗ ಅಕ್ಕ ಅವನ ಸೂಚನೆಯನ್ನು ಫೋನಿನಲ್ಲಿ ತೆಗೆದು ಗಂಡನಿಗೆ ಓದಿ ಹೇಳಿದಳು.

“‘ಜಾಗದ ಕೊರತೆ ಇರುವುದರಿಂದ, ಒಂದು ವರ್ಷಕ್ಕಿಂತ ಹಳೆಯವರನ್ನು ಬರುವ ಶುಕ್ರವಾರ ತಾನಾಗಿಯೇ ಅಳಿಸಲಾಗುವುದು.’”

ಹಳೆಯ ಮೇಲ್‌ಗಳು ಎಂಬರ್ಥದಲ್ಲಿ ಹಳೆಯವುಗಳನ್ನು ಎಂದು ಬರೆಯಬೇಕಾದ ಕಡೆ ಹಳೆಯವರನ್ನು ಎಂದು ಬರೆದು ಕೂತಿದ್ದ, ಮಹಾನುಭಾವ. ಅತ್ತೆ ತಟ್ಟೆಯಿಂದ ತಲೆ ಎತ್ತಿದರು.

“ಹಳಬರನ್ನ ಅಳಿಸ್ತಾರಂತಾ? ಅದಕ್ಕೆ ಕಂಪ್ಯೂಟರ್ ಯಾಕೆ, ನನಗೆ ನನ್ನ ಮಗ ಒಬ್ಬ ಸಾಲದಾ?”

ಮಗ, ಎಂದರೆ ಅಕ್ಕನ ಗಂಡ, ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ. ತಾಯಿಯ ಹೊಸ ಕನ್ನಡಕಕ್ಕೆ ಗಾಜು ಹಾಕುವುದನ್ನು ನಾಳೆ ನಾಳೆ ಎಂದು ಮುಂದೂಡುತ್ತ ಬಂದಿದ್ದ. ಹಾಗಾಗಿ ಲೋಟ ಎತ್ತಿ ನೀರು ಕುಡಿದ. ಅಕ್ಕ ನಗು ತಡೆಯಲಾರದೆ ಕೆಮ್ಮಿದಳು. ನಕ್ಕು ಮುಗಿದ ಮೇಲೆ ದಿನ ಎಣಿಸಿದಳು. ಶುಕ್ರವಾರ ಅಳಿಸುತ್ತಾರೆ, ಸಂದರ್ಶನ ಇರುವುದು ಸೋಮವಾರ.

ಮರುದಿನ ಬೆಳಿಗ್ಗೆ ಅವಳು ಸರ್ವರ್ ಸಾಹೇಬನ ಕೋಣೆಗೆ ಹೋದಳು. ಆ ಕೋಣೆ ಯಾವಾಗಲೂ ತಣ್ಣಗೆ ಕೊರೆಯುತ್ತಿತ್ತು. ಅವನು ಒಳಗೂ ಮಫ್ಲರ್ ಸುತ್ತಿಕೊಂಡೇ ಕೂತಿರುತ್ತಿದ್ದ.

“ಸಾಹೇಬ್ರೆ, ನನ್ನ ಹಳೇ ಮೇಲ್‌ಗಳು ಬೇಕಲ್ಲ.”

“ಎಷ್ಟು?”

“ಯಾವುದು ಬೇಕು ಅಂತ ನೋಡದೆ ಎಷ್ಟು ಅಂತ ಹೇಗೆ ಹೇಳಲಿ?”

“ಎಲ್ಲರೂ ಹೀಗೇ ಅಂತಾರೆ ಅಕ್ಕ. ಇಷ್ಟು ದಿನ ಯಾರೂ ತೆರೆದು ನೋಡಲಿಲ್ಲ, ಈಗ ನಾನು ಕೈ ಹಾಕಿದ ತಕ್ಷಣ ಎಲ್ಲರಿಗೂ ಎಲ್ಲಾ ಬೇಕು.” ಅವನು ಮಫ್ಲರ್ ಬಿಗಿ ಮಾಡಿಕೊಂಡ. “ಹೊರಗೆ ಕಳಿಸೋ ಹಾಗಿಲ್ಲ, ನಿಮ್ಮ ಮನೆ ಮೇಲ್‌ಗೂ ಹಾಕ್ಕೊಳ್ಳೋ ಹಾಗಿಲ್ಲ. ‘ಉಳಿಸಿ’ ಅಂತ ಒಂದು ಫೋಲ್ಡರ್ ಮಾಡಿಕೊಟ್ಟಿದೀನಿ. ಅದರೊಳಗೆ ಒಂದೊಂದೇ ಪ್ರತಿ ಹಾಕ್ಕೊಳ್ಳಿ. ಅದಕ್ಕೆ ನಾನು ಕೈ ಹಚ್ಚಲ್ಲ. ಉಳಿಸಿದ್ದು ಉಳೀತು, ಉಳಿದಿದ್ದು ಅಳೀತು.”

“ಒಂದೊಂದೇನಾ?”

“ಒಟ್ಟಿಗೆ ಹಾಕೋ ಹಾಗಿದ್ರೆ ಎಲ್ಲರೂ ಎಲ್ಲಾನೂ ಹಾಕಿಬಿಡ್ತೀರಿ. ಆಮೇಲೆ ನಾನು ಅಳಿಸೋದೇನು, ಮಣ್ಣಾ?”

ನ್ಯಾಯವಾದ ಮಾತೇ. ಅಕ್ಕ ತನ್ನ ಜಾಗಕ್ಕೆ ಬಂದು ಕೂತು ಹಳೆಯ ಮೇಲ್‌ಗಳನ್ನು ತೆರೆಯತೊಡಗಿದಳು. ಸ್ವಲ್ಪ ಹೊತ್ತಿನಲ್ಲೇ ಹುಡುಕುವುದು ಮರೆತು ಓದುತ್ತ ಕೂತಳು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ವರನೊಬ್ಬ ಒಳಗಿಂದಲೇ ಕಳಿಸಿದ ದೂರು ಸಿಕ್ಕಿತು. ಲಿಫ್ಟಿನ ಧ್ವನಿ ‘ಬಾಗಿಲು ಮುಚ್ಚುತ್ತಿದೆ’ ಎಂದು ಹೇಳುವುದು ತನ್ನ ಮೊದಲನೇ ಹೆಂಡತಿಯ ಹಾಗೇ ಕೇಳುತ್ತದೆ, ಬದಲಾಯಿಸಿ ಎಂದು ಬೇಡಿಕೊಂಡ ವೈದ್ಯರ ಮೇಲ್ ಸಿಕ್ಕಿತು. ಎಲ್ಲ ಸಿಕ್ಕಿತು, ಅಕ್ಕ ಮಾತ್ರ ಎಲ್ಲೂ ಸಿಗಲಿಲ್ಲ. ಯಾವ ಮೇಲ್ ತೆಗೆದರೂ ಬರೆದವರು ಒಬ್ಬರು, ಬೈಸಿಕೊಂಡವರು ಒಬ್ಬರು, ಅವಳ ಹೆಸರು ಅದೇ ಕೆಳಗಿನ ಸಾಲಿನಲ್ಲಿ. ಹಿಂದೆ ಸಂದರ್ಶನದಲ್ಲಿ ಅವರು ಹೇಳಿದ್ದು ಸುಳ್ಳಲ್ಲ ಎನ್ನಿಸಿತು. ಆದರೂ ಬೇರೆ ದಾರಿ ಇಲ್ಲದೆ ತನಗೆ ಚೆನ್ನಾಗಿ ನೆನಪಿದ್ದ ಜಗಳಗಳನ್ನು ಆರಿಸಿ, ಮೊದಲ ಮೇಲ್‌ನಿಂದ ಕೊನೆಯದರವರೆಗೆ ‘ಉಳಿಸಿ’ಗೆ ಹಾಕುತ್ತ ಹೋದಳು.

ಬುಧವಾರ ಮಧ್ಯಾಹ್ನ ಸರ್ವರ್ ಸಾಹೇಬ ಅವಳ ಮೇಜಿನ ಹತ್ತಿರ ಓಡಿಬಂದ. ಅವನು ಓಡಿದ್ದನ್ನು ಆ ಕಚೇರಿಯಲ್ಲಿ ಯಾರೂ ಕಂಡಿರಲಿಲ್ಲ. ಮಫ್ಲರಿನ ಒಂದು ತುದಿ ನೆಲದ ಮೇಲೆ ಎಳೆದಾಡುತ್ತಿತ್ತು.

“ಅಕ್ಕ, ಒಂದು ಎಡವಟ್ಟಾಗಿದೆ. ನಿಮ್ಮ ಫೋಲ್ಡರ್ ಸರಿಯಾಗಿ ಕೂತಿದೆಯಾ ಅಂತ ನೋಡ್ತಿದ್ದೆ. ನಿಮ್ಮ ಮೇಲ್‌ಗಳೆಲ್ಲ ಅರ್ಧಕ್ಕೇ ನಿಂತಿವೆ.”

“ಅರ್ಧಕ್ಕೆ ಅಂದ್ರೆ?”

“ತಲೆ ಇದೆ, ಹೊಟ್ಟೆ ಇದೆ, ಬಾಲ ಇಲ್ಲ. ಜಗಳ ಜೋರಾಗಿ ನಡೀತಿರುತ್ತೆ, ಮರುದಿನ ಒಂದು ಮೇಲೂ ಇಲ್ಲ. ಒಂದಲ್ಲ, ಎಲ್ಲದರಲ್ಲೂ ಹೀಗೇ. ಕೊನೇಲಿ ‘ಸರಿ, ಮುಗೀತು’ ಅಂತಾದರೂ ಒಂದು ಇರಬೇಕಲ್ವಾ? ಶುಕ್ರವಾರ ಅಳಿಸಬೇಕಾದ್ದು ಯಂತ್ರ ಈಗಲೇ ಶುರು ಹಚ್ಕೊಂಡಿರಬೇಕು. ದೊಡ್ಡ ಮೇಡಂಗೆ ಗೊತ್ತಾದ್ರೆ ನನ್ನ ಕಥೆ ಮುಗೀತು.”

ದೊಡ್ಡ ಮೇಡಂ ಎಂದರೆ ಇಡೀ ಕಂಪನಿ ನಡೆಸುವವರು. ಅವನ ಮುಖ ನಿಜಕ್ಕೂ ಬಿಳಿಚಿಕೊಂಡಿತ್ತು. ಅಕ್ಕ ಅವನಿಗೆ ಕುರ್ಚಿ ಕೊಟ್ಟು ಕೂರಿಸಿ, ಪರದೆಯ ಮೇಲೆ ಕನ್ನಡಿ ಜಗಳ ತೆಗೆದಳು. ಹೌದು, ವಕೀಲರ ಮೇಲ್ ಆದ ಮೇಲೆ ಏನೂ ಇರಲಿಲ್ಲ. ಇನ್ನೊಂದು ತೆಗೆದಳು. ಅದೂ ಹಾಗೇ, ಬೈಗುಳದ ಮರುದಿನ ಖಾಲಿ. ಸುಮಾರು ಹೊತ್ತು ನೋಡುತ್ತ ಕೂತವಳು ಆಮೇಲೆ ಮೆಲ್ಲಗೆ ನಗತೊಡಗಿದಳು.

“ಸಾಹೇಬ್ರೆ, ಏನೂ ಅಳಿಸಿಲ್ಲ. ಇಲ್ಲಿ ನಾನು ಎದ್ದು ಹೋದೆ.”

“ಎಲ್ಲಿಗೆ?”

“ಅವರ ಹತ್ರಕ್ಕೆ. ಮಾತಾಡಿ ಬಂದೆ. ಆಮೇಲೆ ಬರೆಯೋದಕ್ಕೆ ಅವರ ಹತ್ರ ಏನಿತ್ತು?”

ಸರ್ವರ್ ಸಾಹೇಬ ನಂಬಲಿಲ್ಲ. ಹೋಗಿ ಹಳೆಯ ನಕಲುಗಳನ್ನೆಲ್ಲ ತಡಕಾಡಿ, ಒಂದು ಮೇಲೂ ಕಾಣೆಯಾಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದ. ಬಂದವನು ಅಕ್ಕನನ್ನು ಹೊಸದಾಗಿ ನೋಡುವಂತೆ ನೋಡಿ, “ನಾನು ಒಂದು ಶುಕ್ರವಾರ ಅಳಿಸೋದಕ್ಕೆ ಇಷ್ಟು ಒದ್ದಾಡ್ತಿದೀನಿ. ನೀವು ಇಪ್ಪತ್ತು ವರ್ಷದಿಂದ ಮೇಲ್ ಹುಟ್ಟೋ ಮುಂಚೇನೇ ಅಳಿಸ್ಕೊಂಡು ಬಂದಿದೀರಲ್ಲ” ಎಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಅಕ್ಕನಿಗೆ ಕೂತಲ್ಲಿ ಕೂರಲಾಗದಷ್ಟು ಸಂತೋಷವಾಯಿತು. ತನ್ನ ಕೆಲಸ ಎಲ್ಲೂ ಕಾಣುವುದಿಲ್ಲ ಎಂದವರಿಗೆ ತೋರಿಸಲು ಕೊನೆಗೂ ಒಂದು ಜಾಗ ಸಿಕ್ಕಿತ್ತು. ಎಲ್ಲಿ ಮೇಲ್ ನಿಲ್ಲುತ್ತದೋ ಅಲ್ಲಿ ಅವಳು ಇದ್ದಳು.

ಗುರುವಾರ ಪೂರ್ತಿ ಅದೇ ಹುರುಪಿನಲ್ಲಿ ಪ್ರತಿ ಮಾಡಿದಳು. ಸಂಜೆಗೆ ಒಂದೇ ಒಂದು ಜಗಳ ಉಳಿಯಿತು, ಮೋಟಾರಿನದು. ಅದು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಥಟ್ಟನೆ ನಿಂತದ್ದು.

ಅದರಲ್ಲಿ ಇದ್ದವರು ಇಬ್ಬರು. ಒಬ್ಬ ರಿಪೇರಿ ವಿಭಾಗದ ಯಜಮಾನ, ಗಂಟಲಲ್ಲೂ ಬರವಣಿಗೆಯಲ್ಲೂ ಒಂದೇ ಸಮನೆ ಗುಡುಗುವುದರಿಂದ ಗುಡುಗಪ್ಪ ಎಂದೇ ಹೆಸರು. ಇನ್ನೊಬ್ಬ ಗೋದಾಮು ನೋಡಿಕೊಳ್ಳುವವನು, ಏನು ಕೇಳಿದರೂ ಮೊದಲು ‘ಇಲ್ಲಪ್ಪ’ ಎನ್ನುವುದರಿಂದ ಇಲ್ಲಪ್ಪ. ಲಿಫ್ಟಿನ ಬಾಗಿಲು ತೆರೆದು ಮುಚ್ಚುವ ಹೊಸ ಮೋಟಾರ್ ಒಂದು ಗೋದಾಮಿನಿಂದ ಕಾಣೆಯಾಗಿತ್ತು. ನಾನು ಕೊಟ್ಟಾಗಿದೆ ಎಂದು ಇಲ್ಲಪ್ಪ, ನನಗೆ ಬಂದೇ ಇಲ್ಲ ಎಂದು ಗುಡುಗಪ್ಪ. ಕೊನೆಯ ಮೇಲ್‌ನಲ್ಲಿ ಗುಡುಗಪ್ಪ ‘ಕಳ್ಳ’ ಎಂಬ ಪದ ಬರೆದಿದ್ದ. ನಾಳೆ ದೊಡ್ಡ ಮೇಡಂಗೆ ದೂರು ಕೊಡುತ್ತೇನೆ ಎಂದೂ ಬರೆದಿದ್ದ. ಅದು ಹೋದದ್ದು ಇಲ್ಲಪ್ಪನಿಗೆ, ಪ್ರತಿ ಬಂದದ್ದು ಅಕ್ಕನಿಗೆ. ಮರುದಿನ ದೂರೂ ಇಲ್ಲ, ಮೇಲೂ ಇಲ್ಲ. ಆವತ್ತು ನಡೆದದ್ದು ಅವರಿಬ್ಬರಿಗೂ ಅಕ್ಕನಿಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಅದೇ ಗುಡುಗಪ್ಪ ಸೋಮವಾರ ಸಂದರ್ಶನದಲ್ಲಿ ಕೂರುವವನಿದ್ದ.

ರಾತ್ರಿ ಅಕ್ಕ ಪಾತ್ರೆ ಒರೆಸುತ್ತ ಗಂಡನಿಗೆ ಇಷ್ಟನ್ನು ಹೇಳಿದಳು.

“ಹಾಕ್ಬಿಡು” ಎಂದ ಅವನು. “ನಿನ್ನ ಕೈಚಳಕ ಅದರಲ್ಲೇ ಚೆನ್ನಾಗಿ ಕಾಣೋದು.”

“ನನ್ನ ಕೈಚಳಕಕ್ಕಿಂತ ಮುಂಚೆ ಅವರು ಬರೆದ ಆ ಪದ ಕಾಣುತ್ತೆ ರೀ.”

“ಕಾಣಲಿ. ಬರೆದೋರು ಅವರು ತಾನೇ? ಅದ್ಸರಿ, ಅದು ನಿಂತಿದ್ದು ಹೇಗೆ?”

“ಅದು ಹೇಳೋ ಹಾಗಿಲ್ಲ.”

“ನನಗೂ?”

“ನಿಮಗೂ.”

ಗಂಡ ಸ್ವಲ್ಪ ಮುಖ ಊದಿಸಿಕೊಂಡ. ಒಳಕೋಣೆಯಿಂದ ಅತ್ತೆಯ ದನಿ ಬಂತು. “ಅವಳು ಹೊಟ್ಟೇಲಿ ಇಟ್ಕೊಳ್ಳೋಳು ಕಣೋ. ನಿನಗೆ ಹೇಳಿದ್ರೆ ಕಣ್ಣು ತೋರಿಸೋಕೆ ಬಂದೋರಿಗೆಲ್ಲ ಕಿವೀಲಿ ಹಾಕಿ ಕಳಿಸ್ತೀಯ.” ಹೀಗೆಂದವರು ಹಿಂದೆಯೇ ಇನ್ನೊಂದು ಮಾತು ಸೇರಿಸಿದರು. “ಆದ್ರೂ ಏನಮ್ಮ, ಊರವರ ಮಾನ ಕಾಯೋಕೆ ಹೋಗಿ ನಿನ್ನ ಕುರ್ಚಿ ಕಳ್ಕೊಬೇಡ.”

ಶುಕ್ರವಾರ ಇಡೀ ದಿನ ಅಕ್ಕ ಆ ಮೇಲ್‌ಗಳನ್ನು ತೆರೆದಿಟ್ಟುಕೊಂಡು ಕೂತಳು. ಒಂದು ಸಲ ಬೆರಳು ಗುಂಡಿಯ ತನಕ ಹೋಗಿ ವಾಪಸ್ ಬಂತು. ಬೇಕಿತ್ತು ಅವಳಿಗೆ. ಆಸೆಯಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಎದುರಿಗೆ ಹೋಗಿ ಮುಗಿಸಿಬಂದ ಮಾತನ್ನು ಈಗ ತನ್ನ ಲಾಭಕ್ಕೆ ಎಬ್ಬಿಸುವುದು ಅವಳಿಗೆ ಒಗ್ಗಲಿಲ್ಲ. ಸಂಜೆ ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಹೋದಳು. ಆರು ಗಂಟೆಗೆ ಸರ್ವರ್ ಸಾಹೇಬನ ಯಂತ್ರ ತನ್ನ ಪಾಡಿಗೆ ಹಳೆಯದನ್ನೆಲ್ಲ ಅಳಿಸಿತು.

ಸೋಮವಾರ ಸಂದರ್ಶನದ ಕೋಣೆಯಲ್ಲಿ ಮೂವರು ಕೂತಿದ್ದರು. ನಡುವೆ ದೊಡ್ಡ ಮೇಡಂ, ಎಡಕ್ಕೆ ಗುಡುಗಪ್ಪ, ಬಲಕ್ಕೆ ಕಂಪನಿಗೆ ಸಲಹೆ ಕೊಡಲೆಂದು ಹೊರಗಿನಿಂದ ಬಂದ ಟೈ ಕಟ್ಟಿದ ಸಾಹೇಬ. ನಡೆದ ಮಾತುಕತೆಯನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಬರೆದಿಡುವುದೂ ಅವನದೇ ಕೆಲಸ. ಅಕ್ಕ ‘ಉಳಿಸಿ’ ತೆಗೆದು ಒಂದೊಂದಾಗಿ ತೋರಿಸಿದಳು. ಇಲ್ಲಿ ಜಗಳ ಏರಿತು, ಇಲ್ಲಿ ನಿಂತಿತು, ನಡುವೆ ನಾನು ಹೋಗಿದ್ದೆ. ಕನ್ನಡಿಯ ಕಥೆಗೆ ದೊಡ್ಡ ಮೇಡಂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಟೈ ಸಾಹೇಬ ನಗಲಿಲ್ಲ.

“ಮೇಡಂ, ತಪ್ಪು ತಿಳ್ಕೊಬೇಡಿ” ಎಂದ ಅವನು ಅಕ್ಕನಿಗೆ. “ಮೇಲ್ ನಿಂತಿದೆ, ಒಪ್ತೀನಿ. ಆದ್ರೆ ಜನ ಬೇಜಾರಾಗಿಯೂ ಬರೆಯೋದು ನಿಲ್ಲಿಸ್ತಾರೆ. ರಜಾ ಮೇಲೂ ಹೋಗಿರ್ತಾರೆ. ನೀವು ಹೋಗಿದ್ದಕ್ಕೇ ನಿಂತಿತು ಅನ್ನೋದಕ್ಕೆ ಏನು ಆಧಾರ? ಅವರಿಗೆ ನೀವು ಏನು ಹೇಳಿದಿರಿ?”

ಅಕ್ಕ ಬಾಯಿ ತೆರೆದಳು. ಏನು ಹೇಳಿದ್ದಳೋ ನಿಜವಾಗಿಯೂ ನೆನಪಿರಲಿಲ್ಲ. ಮುಗಿದ ಮಾತನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಹಿಂದಿನ ಸಲದ ಹಾಗೇ ಆಗುತ್ತಿದೆ ಎನ್ನಿಸಿತು.

“ನಮ್ಮ ಮೋಟಾರ್ ಎಲ್ಲಿ?” ಎಂದ ಗುಡುಗಪ್ಪ, ಇದ್ದಕ್ಕಿದ್ದ ಹಾಗೆ.

ಅಕ್ಕ ಬೆಚ್ಚಿದಳು. “ಸರ್?”

“ನನಗೂ ಇಲ್ಲಪ್ಪನಿಗೂ ಆಯ್ತಲ್ಲ. ಅದು ಇದರಲ್ಲಿ ಇಲ್ವಲ್ಲ. ಅದು ಬರುತ್ತೆ, ಬರುತ್ತೆ ಅಂತ ನಾನು ಬೆಳಿಗ್ಗೆಯಿಂದ ಬೆವರ್ತಾ ಕೂತಿದೀನಿ.”

“ಅದನ್ನ ಉಳಿಸ್ಕೊಳ್ಳಲಿಲ್ಲ ಸರ್. ಶುಕ್ರವಾರ ಅಳಿಸಿಹೋಯ್ತು.”

“ಮರೆತುಹೋಯ್ತಾ?”

“ಇಲ್ಲ ಸರ್.”

ಗುಡುಗಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಅವನು ಮಾತಾಡಿದ್ದು ಯಾರೂ ಕೇಳಿರದಷ್ಟು ಸಣ್ಣ ದನಿಯಲ್ಲಿ.

“ಮೇಡಂ, ನಾನು ಇಲ್ಲಪ್ಪನಿಗೆ ಕಳ್ಳ ಅಂತ ಬರೆದಿದ್ದೆ. ಮರುದಿನ ನಿಮ್ಮ ಹತ್ರ ದೂರು ತರೋನಿದ್ದೆ. ಅವತ್ತು ಸಂಜೆ ಇವರು ನನ್ನ ಮೇಜಿನ ಹತ್ರ ಬಂದ್ರು. ಬಂದು ಹೇಳಿದ್ದು ಇಷ್ಟೇ. ‘ಸರ್, ಮೋಟಾರ್ ನಿಮ್ಮ ವಿಭಾಗದ ವ್ಯಾನಿನಲ್ಲೇ ಇದೆ, ಸೀಟಿನ ಕೆಳಗೆ. ನಾನು ನೋಡಿ ಬಂದೆ. ಯಾರಿಗೂ ಹೇಳಿಲ್ಲ. ಇಲ್ಲಪ್ಪನವರು ಇನ್ನೂ ಮನೆಗೆ ಹೋಗಿಲ್ಲ.’ ಅಷ್ಟು ಹೇಳಿ ಹೋಗೇಬಿಟ್ರು. ನೀವು ಮಾಡಿದ್ದು ತಪ್ಪು ಅಂತಾನೂ ಅನ್ನಲಿಲ್ಲ. ನಾನು ಗೋದಾಮಿಗೆ ಹೋಗಿ ಇಲ್ಲಪ್ಪನ ಕೈ ಹಿಡ್ಕೊಂಡೆ. ಅವನು ಅತ್ತ, ನಾನೂ ಅತ್ತೆ. ಆಮೇಲೆ ನಾನು ಬರೆಯೋದಕ್ಕೆ ಏನಿತ್ತು, ಹೇಳಿ. ಇವರು ಇದನ್ನ ಬರೆದು ನಾಲ್ಕು ಜನಕ್ಕೆ ಪ್ರತಿ ಹಾಕಿದ್ರೆ ನಾನು ಈ ಕುರ್ಚೀಲಿ ಕೂತಿರ್ತಿರಲಿಲ್ಲ.”

ಟೈ ಸಾಹೇಬನ ಬೆರಳುಗಳು ಲ್ಯಾಪ್‌ಟಾಪಿನ ಮೇಲೆ ಟಕಟಕ ಓಡುತ್ತಿದ್ದವು. ದೊಡ್ಡ ಮೇಡಂ ಅಕ್ಕನ ಕಡೆ ತಿರುಗಿದರು.

“ಇದೇ ಅಲ್ವಾ ನಿಮಗೆ ಬೇಕಾಗಿದ್ದು? ಕೈಯಲ್ಲಿತ್ತು. ಯಾಕೆ ಬಿಟ್ರಿ?”

“ಅದರಲ್ಲಿ ಒಂದು ಕೆಟ್ಟ ಮಾತಿತ್ತು ಮೇಡಂ. ಆಡಿದೋರೂ ಬಿಟ್ಟಿದ್ರು, ಆಡಿಸಿಕೊಂಡೋರೂ ಬಿಟ್ಟಿದ್ರು. ಮೇಲ್ ಒಂದು ಮಾತ್ರ ಅದನ್ನ ಇಟ್ಕೊಂಡು ಕೂತಿತ್ತು. ಹೋಗಲಿ ಅಂತ ಬಿಟ್ಟೆ.”

ದೊಡ್ಡ ಮೇಡಂ ಎದುರಿಗಿದ್ದ ಉಳಿದ ಅರ್ಜಿಗಳನ್ನು ಒಟ್ಟು ಮಾಡಿ ಪಕ್ಕಕ್ಕೆ ಸರಿಸಿದರು. “ನಾಳೆಯಿಂದ ಆ ಕೋಣೆಗೆ ಬಂದು ಕೂತ್ಕೊಳ್ಳಿ. ಇನ್ನೇನಾದ್ರೂ ಕೇಳೋದಿದೆಯಾ?”

ಅಕ್ಕನ ಕಣ್ಣು ತುಂಬಿ ಬಂದಿತ್ತು, ಮುಖದ ತುಂಬ ನಗು. ಸೆರಗಿನಿಂದ ಕಣ್ಣು ಒತ್ತಿಕೊಂಡು ಅವಳು ಟೈ ಸಾಹೇಬನ ಲ್ಯಾಪ್‌ಟಾಪಿನ ಕಡೆ ನೋಡಿದಳು.

“ಒಂದಿದೆ ಮೇಡಂ. ಈಗ ಸರ್ ಹೇಳಿದ್ದನ್ನ ಇವರು ಬರೆದ್ಕೊಳ್ತಾ ಇದಾರೆ.”

ಟೈ ಸಾಹೇಬನ ಬೆರಳುಗಳು ನಿಂತವು. ಅವನು ಗುಡುಗಪ್ಪನನ್ನು ನೋಡಿದ, ಅಕ್ಕನನ್ನು ನೋಡಿದ. ಆಮೇಲೆ ಲ್ಯಾಪ್‌ಟಾಪನ್ನು ಅವಳಿಗೆ ಕಾಣುವ ಹಾಗೆ ತಿರುಗಿಸಿ, ಗುಡುಗಪ್ಪನ ಮಾತು ಬರೆದದ್ದನ್ನೆಲ್ಲ ಕೊನೆಯಿಂದ ಒಂದೊಂದೇ ಅಕ್ಷರವಾಗಿ ಅಳಿಸುತ್ತ ಬಂದ. ಮೋಟಾರ್ ಎನ್ನುವ ಪದವೂ ಹೋದ ಮೇಲೆ ಅಕ್ಕ ಕುರ್ಚಿಯಿಂದ ಎದ್ದಳು.